ಕಳ್ಳನಿಗಿಂತ ಮೊದಲು ಹ್ಯಾಕರ್ ಬರಲಿ

ಸಿಂಧನೂರಿನ ಯಾವ ಕ್ಯಾಂಪಿಗೆ ಹೋದರೂ, ಮಸ್ಕಿ, ಲಿಂಗಸುಗೂರಿನ ಯಾವ ಹಳ್ಳಿಗೆ ಹೋದರೂ ಈಗ ಹೆಬ್ಬೆಟ್ಟಿಗೆ ಬಿಡುವಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಬೇಕೆಂದರೆ ಥಂಬ್ ಕೊಡಬೇಕು. ಪಿಂಚಣಿ ಬಿಡಿಸಿಕೊಳ್ಳಲು ಬ್ಯಾಂಕ್ ಮಿತ್ರನ ಮಷೀನಿಗೆ ಥಂಬ್ ಕೊಡಬೇಕು. ಹೊಲ ಮಾರಲಿ, ಕೊಳ್ಳಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಥಂಬ್ ಕೊಡಲೇಬೇಕು. ಒಂದು ಕಾಲಕ್ಕೆ ಸಹಿ ಬಾರದವರ ಗುರುತಾಗಿದ್ದ ಹೆಬ್ಬೆಟ್ಟು ಇವತ್ತು ಎಂ.ಎ. ಓದಿದವರ ಬ್ಯಾಂಕ್ ಖಾತೆಯನ್ನೂ ತೆರೆಯುತ್ತದೆ.

ಈ ಗುರುತನ್ನು ನಕಲು ಮಾಡಬಹುದೆಂದು ಜಗತ್ತಿಗೆ ಸಾರಿ ಹೇಳಿದವರು ಕಳ್ಳರಲ್ಲ. ಸಂಶೋಧಕರು ಮತ್ತು ಹ್ಯಾಕರ್‌ಗಳು. 2002ರಲ್ಲಿ ಜಪಾನಿನ ಯೊಕೊಹಾಮಾದ ಪ್ರೊಫೆಸರ್ ತ್ಸುತೊಮು ಮತ್ಸುಮೊಟೊ, ಮಿಠಾಯಿಗೆ ಹಾಕುವ ಜಿಲೆಟಿನ್‌ನಲ್ಲಿ ಬೆರಳಚ್ಚು ಎರಕ ಹೊಯ್ದು ಆಗಿನ ಬಹುತೇಕ ಸ್ಕ್ಯಾನರ್‌ಗಳನ್ನು ಯಾಮಾರಿಸಿದರು. 2008ರಲ್ಲಿ ಜರ್ಮನಿಯ ಹ್ಯಾಕರ್‌ಗಳ ಸಂಘವಾದ ಕೇಯಾಸ್ ಕಂಪ್ಯೂಟರ್ ಕ್ಲಬ್, ಬೆರಳಚ್ಚಿನ ಗುರುತು ವ್ಯವಸ್ಥೆಯ ದೊಡ್ಡ ಬೆಂಬಲಿಗರಾಗಿದ್ದ ಅಲ್ಲಿನ ಗೃಹಮಂತ್ರಿ ವೋಲ್ಫ್‌ಗಾಂಗ್ ಶಾಯ್ಬ್ಲ ಅವರದೇ ಬೆರಳಚ್ಚನ್ನು ತನ್ನ ಪತ್ರಿಕೆಯ ಜೊತೆ ಓದುಗರಿಗೆ ಹಂಚಿತು. ಅದನ್ನು ಎತ್ತಿದ್ದು ಅವರು ನೀರು ಕುಡಿದಿಟ್ಟ ಲೋಟದಿಂದ. 2014ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್ ನಗರದಲ್ಲಿ ನಡೆದ ಅದೇ ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಯಾನ್ ಕ್ರಿಸ್ಲರ್ ಎಂಬ ಸಂಶೋಧಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ರಕ್ಷಣಾ ಮಂತ್ರಿ ಉರ್ಸುಲಾ ಫಾನ್ ಡೆರ್ ಲಾಯೆನ್ ಅವರ ಹೆಬ್ಬೆಟ್ಟಿನ ಗೆರೆಗಳನ್ನು ಬರೀ ಫೋಟೊಗಳಿಂದ ಮರುಸೃಷ್ಟಿಸಿ ವೇದಿಕೆಯ ಮೇಲೆ ತೋರಿಸಿದ. ಲೋಟವೂ ಬೇಕಾಗಲಿಲ್ಲ.

ಹ್ಯಾಂಬರ್ಗ್‌ನಲ್ಲಿ ಚಪ್ಪಾಳೆ ಬಿದ್ದು ನಾಲ್ಕು ವರ್ಷವೂ ಆಗಿರಲಿಲ್ಲ. 2018ರಲ್ಲಿ ನಮ್ಮ ನೆರೆಯ ತೆಲಂಗಾಣದಲ್ಲಿ ಒಬ್ಬ ಸಿಮ್ ಡೀಲರ್ ಸಿಕ್ಕಿಬಿದ್ದ. ಆತ ನೋಂದಣಿ ಇಲಾಖೆಯ ವೆಬ್‌ಸೈಟಿನಿಂದ ಹೊಲ-ಮನೆಯ ಪತ್ರಗಳನ್ನು ಇಳಿಸಿಕೊಂಡಿದ್ದ. ಅವುಗಳಲ್ಲಿ ಆಧಾರ್ ಸಂಖ್ಯೆಯೂ ಇತ್ತು, ಹೆಬ್ಬೆಟ್ಟಿನ ಗುರುತೂ ಇತ್ತು. ರಬ್ಬರ್ ಸ್ಟಾಂಪ್ ಮಾಡುವ ಮಷೀನಿನಲ್ಲಿ ಆ ಗುರುತುಗಳನ್ನು ಅಚ್ಚು ಮಾಡಿ, ಕಂಪನಿಯ ಟಾರ್ಗೆಟ್ ಮುಟ್ಟಿಸಲು ಸಾವಿರಾರು ಸಿಮ್ ಚಾಲೂ ಮಾಡಿದ್ದ. ಪತ್ರ ಮಾಡಿಸಿದ ರೈತರಿಗೆ ತಮ್ಮ ಹೆಸರಿನಲ್ಲಿ ಸಿಮ್ ಇದೆ ಎಂಬುದೇ ಗೊತ್ತಿರಲಿಲ್ಲ.

2023ರಲ್ಲಿ ಸರದಿ ಕರ್ನಾಟಕದ್ದಾಯಿತು. ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಹೋಗತೊಡಗಿತು. ಕಾವೇರಿ ಪೋರ್ಟಲ್‌ನಲ್ಲಿದ್ದ ಪತ್ರಗಳಿಂದ ಬೆರಳಚ್ಚು ತೆಗೆದು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ದೂರದ ರಾಜ್ಯದಲ್ಲಿ ಕೂತು ಹಣ ಬಿಡಿಸುತ್ತಿದ್ದರೆಂದು ಪೊಲೀಸರು ಪತ್ತೆ ಹಚ್ಚಿದರು. ಈ ವ್ಯವಸ್ಥೆಗೆ ಬೇಕಾದದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಓಟಿಪಿ ಇಲ್ಲ, ಪಿನ್ ಇಲ್ಲ. ಓದು ಬಾರದವರಿಗೂ ಊರಲ್ಲೇ ಹಣ ಸಿಗಲಿ ಎಂದು ಮಾಡಿದ ಸರಳ ಏರ್ಪಾಡು ಅದು. ಕಳ್ಳನಿಗೂ ಅಷ್ಟೇ ಸರಳವಾಯಿತು. ಪಾಸ್‌ವರ್ಡ್ ಕಳೆದರೆ ಬೇರೆ ಇಟ್ಟುಕೊಳ್ಳಬಹುದು. ಹೆಬ್ಬೆಟ್ಟು ಕಳೆದರೆ?

ನನ್ನ ವಾದ ಇಷ್ಟೇ. ಹ್ಯಾಕರ್‌ಗಳ ಸಮ್ಮೇಳನದಲ್ಲಿ ಇವತ್ತು ತೋರಿಸಿದ ದೋಷ ನಾಲ್ಕಾರು ವರ್ಷದಲ್ಲಿ ನಮ್ಮೂರಿಗೆ ಬರುತ್ತದೆ. ಅಲ್ಲಿ ಕೂತು ಕೇಳಿಸಿಕೊಳ್ಳುವವರಲ್ಲಿ ನಮ್ಮವರೂ ಇದ್ದರೆ ಸುದ್ದಿ ಕಳ್ಳನಿಗಿಂತ ಮೊದಲು ತಲುಪುತ್ತದೆ. ಹೊಲದ ಪಹಣಿಯಿಂದ ಉದ್ಯೋಗ ಖಾತ್ರಿ ಕೂಲಿಯವರೆಗೆ ಎಲ್ಲವೂ ಕಂಪ್ಯೂಟರಿಗೆ ಏರಿರುವಾಗ, ಈ ಸಭೆಗಳು ಬೆಂಗಳೂರಿನ ಸಾಫ್ಟ್‌ವೇರ್ ಮಂದಿಯ ಹವ್ಯಾಸ ಎಂದು ಸುಮ್ಮನಿರುವಂತಿಲ್ಲ.

ಹ್ಯಾಕರ್‌ಗಳು ಬಹಿರಂಗವಾಗಿ ಸಭೆ ಸೇರುತ್ತಾರೆಯೇ ಎಂದು ಅನೇಕರು ಹುಬ್ಬೇರಿಸುತ್ತಾರೆ. ಸೇರುತ್ತಾರೆ, ಟಿಕೆಟ್ ಇಟ್ಟು ಸೇರುತ್ತಾರೆ. ಜರ್ಮನಿಯ ಸಂಘ 1984ರಿಂದ ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುತ್ತಿದೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ 1993ರಲ್ಲಿ ಜೆಫ್ ಮಾಸ್ ಎಂಬ ಹದಿಹರೆಯದ ಹುಡುಗ ಗೆಳೆಯರಿಗಾಗಿ ಕರೆದ ಕೂಟಕ್ಕೆ ನೂರರಷ್ಟು ಜನ ಬಂದಿದ್ದರು. ಡೆಫ್‌ಕಾನ್ ಎಂಬ ಆ ಕೂಟಕ್ಕೆ ಈಗ ಬರುವವರು ಸುಮಾರು 30,000. 2012ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯ ಮುಖ್ಯಸ್ಥ ಜನರಲ್ ಕೀತ್ ಅಲೆಕ್ಸಾಂಡರ್ ಸಮವಸ್ತ್ರ ಬಿಟ್ಟು ಜೀನ್ಸ್, ಟೀಶರ್ಟಿನಲ್ಲಿ ಬಂದು ಅಲ್ಲಿ ಭಾಷಣ ಮಾಡಿದರು. ಮರುವರ್ಷ, ಅದೇ ಸಂಸ್ಥೆ ಜನರ ಮೇಲೆ ಗುಟ್ಟಾಗಿ ಕಣ್ಣಿಟ್ಟಿದ್ದನ್ನು ಬಯಲು ಮಾಡಿದ ಸ್ನೋಡೆನ್ ಪ್ರಕರಣ ಹೊರಬಿದ್ದಾಗ, ಸರ್ಕಾರಿ ಮಂದಿ ಈ ಸಲ ಬಾರದಿದ್ದರೆ ಒಳ್ಳೆಯದು ಎಂದು ಮಾಸ್ ನೇರವಾಗಿಯೇ ಹೇಳಿದರು. ಪೊಲೀಸರೂ ಹ್ಯಾಕರ್‌ಗಳೂ ಒಂದೇ ಛಾವಣಿಯಡಿ ಕೂರುತ್ತಾರೆ, ಆದರೆ ಪರಸ್ಪರ ಪೂರ್ತಿ ನಂಬುವುದಿಲ್ಲ.

ಡೆಫ್‌ಕಾನ್ ಬಾಗಿಲಲ್ಲಿ ನಗದು ಕೊಟ್ಟರೆ ಪಾಸ್ ಸಿಗುತ್ತದೆ, ಹೆಸರು ಕೇಳುವುದಿಲ್ಲ. ಹೆಚ್ಚಿನವರು ತಾವೇ ಇಟ್ಟುಕೊಂಡ ಅಡ್ಡಹೆಸರಿನಲ್ಲಿ ಓಡಾಡುತ್ತಾರೆ. ಮಸ್ಕಿಯವರಿಗೆ ಇದು ಹೊಸದೆನಿಸಬಾರದು. ಅಶೋಕ ಚಕ್ರವರ್ತಿ ತನ್ನ ಬಹುತೇಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದೇ ಬರೆಸಿದ್ದ. ಆ ಬಿರುದಿನ ಹಿಂದಿದ್ದ ನಿಜನಾಮವನ್ನು ಶಾಸನದಲ್ಲೇ ಮೊದಲು ತೋರಿಸಿದ್ದು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಗುಡ್ಡದಲ್ಲಿ ಕಂಡ ಬಂಡೆಗಲ್ಲು. ಬಿರುದಿನ ಹಿಂದೆ ಉಳಿದ ಹೆಸರೂ ಎಲ್ಲೋ ಬಿಟ್ಟುಹೋದ ಒಂದು ಗುರುತಿನಿಂದ ಖಚಿತವಾಗುತ್ತದೆ. ಹ್ಯಾಕರ್‌ಗಳು ಸಿಕ್ಕಿಬೀಳುವುದೂ ಹೆಚ್ಚಾಗಿ ಹೀಗೆಯೇ.

ಸಮ್ಮೇಳನದ ಒಳಗೆ ಏನು ನಡೆಯುತ್ತದೆ? ಮುಖ್ಯ ಸಭಾಂಗಣದಲ್ಲಿ ಒಬ್ಬೊಬ್ಬರೂ ತಾವು ಕಂಡುಹಿಡಿದದ್ದನ್ನು ಪ್ರಾತ್ಯಕ್ಷಿಕೆ ಸಮೇತ ಹೇಳುತ್ತಾರೆ. ಅಕ್ಕಪಕ್ಕದ ಕೋಣೆಗಳಿಗೆ ವಿಲೇಜ್ ಎನ್ನುತ್ತಾರೆ: ಒಂದರಲ್ಲಿ ಬೀಗ ಬಿಚ್ಚುವ ಅಭ್ಯಾಸ, ಇನ್ನೊಂದರಲ್ಲಿ ಕಾರಿನ ಕಂಪ್ಯೂಟರ್, ಮತ್ತೊಂದರಲ್ಲಿ ಮತಯಂತ್ರ. ಒಂದು ಗೋಡೆಯ ಮೇಲಂತೂ, ಸಮ್ಮೇಳನದ ವೈಫೈಗೆ ಎಚ್ಚರಿಕೆಯಿಲ್ಲದೆ ಲಾಗಿನ್ ಆದವರ ಬಳಕೆದಾರ ಹೆಸರು ಮತ್ತು ಅರ್ಧ ಮರೆಸಿದ ಪಾಸ್‌ವರ್ಡ್ ಎಲ್ಲರಿಗೂ ಕಾಣುವಂತೆ ಹರಿಯುತ್ತಿರುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಕುರಿಗಳ ಗೋಡೆ. ಅಲ್ಲಿ ಒಮ್ಮೆ ಹೆಸರು ಬಂದವರು ಆಮೇಲೆ ಬಸ್‌ಸ್ಟ್ಯಾಂಡಿನ ಪುಕ್ಕಟೆ ವೈಫೈಯಲ್ಲಿ ಬ್ಯಾಂಕ್ ವ್ಯವಹಾರಕ್ಕೆ ಕೈಹಾಕುವುದಿಲ್ಲ.

ಯುವಕರನ್ನು ಹೆಚ್ಚು ಸೆಳೆಯುವುದು ಸಿಟಿಎಫ್ ಎಂಬ ಪಂದ್ಯ. ಸಂಘಟಕರು ಬೇಕೆಂದೇ ತೂತು ಬಿಟ್ಟ ವೆಬ್‌ಸೈಟ್, ಗುಟ್ಟಾಗಿ ಮಾತು ಅಡಗಿಸಿದ ಫೋಟೊ, ಕಟ್ಟಿಹಾಕಿದ ಫೈಲು ಕೊಡುತ್ತಾರೆ. ಒಳಗೆ ಎಲ್ಲೋ ಫ್ಲ್ಯಾಗ್ ಎಂಬ ಒಂದು ಸಾಲು ಅಡಗಿರುತ್ತದೆ. ಅದನ್ನು ಹುಡುಕಿ ತಂದವರಿಗೆ ಅಂಕ. ಇಲ್ಲಿ ಮುರಿಯಲೆಂದೇ ಕೊಟ್ಟದ್ದನ್ನು ಮುರಿಯುವುದರಿಂದ ಯಾರ ಮನೆಯೂ ಹಾಳಾಗುವುದಿಲ್ಲ. ಕಲಿಕೆ ಮಾತ್ರ ನಿಜವಾದದ್ದು.

ದೋಷ ಎಷ್ಟು ಸಣ್ಣದಿರಬಹುದು ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆ ಇದೆ. 2016ರಲ್ಲಿ ಅಲ್ಲಿದ್ದ ಆನಂದ್ ಪ್ರಕಾಶ್ ಎಂಬ ಎಂಜಿನಿಯರ್, ಯಾರ ಫೇಸ್‌ಬುಕ್ ಖಾತೆಯನ್ನಾದರೂ ತೆರೆಯುವ ದಾರಿ ಕಂಡುಹಿಡಿದರು. ಪಾಸ್‌ವರ್ಡ್ ಮರೆತರೆ ಆರು ಅಂಕಿಯ ಕೋಡ್ ಬರುತ್ತದಲ್ಲ, ಮುಖ್ಯ ಸೈಟಿನಲ್ಲಿ ಅದನ್ನು ಹತ್ತು ಹನ್ನೆರಡು ಸಲ ತಪ್ಪಾಗಿ ಹೊಡೆದರೆ ಬಾಗಿಲು ಮುಚ್ಚುತ್ತದೆ. ಆದರೆ ಹೊಸ ಸೌಲಭ್ಯ ಪರೀಕ್ಷಿಸಲು ಇಟ್ಟಿದ್ದ ಬೀಟಾ ಸೈಟಿನಲ್ಲಿ ಆ ಮಿತಿ ಹಾಕುವುದನ್ನು ಮರೆತಿದ್ದರು. ಆರು ಅಂಕಿ ಎಂದರೆ ಹೆಚ್ಚೆಂದರೆ ಹತ್ತು ಲಕ್ಷ ಸಾಧ್ಯತೆ. ಕಂಪ್ಯೂಟರಿಗೆ ಒಂದೊಂದಾಗಿ ಹೊಡೆದು ನೋಡಲು ಹೆಚ್ಚು ಹೊತ್ತು ಬೇಡ. ಅವರು ತಮ್ಮ ಖಾತೆಯ ಮೇಲೆಯೇ ಪ್ರಯೋಗ ಮಾಡಿ ಕಂಪನಿಗೆ ತಿಳಿಸಿದರು. ದೋಷ ಸರಿಹೋಯಿತು, 15,000 ಡಾಲರ್ ಬಹುಮಾನ ಬಂತು. ಬಗ್ ಬೌಂಟಿ ಎಂಬ ಈ ದಾರಿಯಲ್ಲಿ ಸಂಪಾದಿಸುವ ಹುಡುಗ ಹುಡುಗಿಯರು ದೇಶದ ಸಣ್ಣ ಊರುಗಳಲ್ಲೂ ಇದ್ದಾರೆ.

ಹೀಗೆ ಬಹಿರಂಗವಾಗಿ ತೋರಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೇ? ಪ್ರಶ್ನೆ ಸರಿಯಾದದ್ದೇ. ಅದಕ್ಕೇ ಈ ಲೋಕದಲ್ಲಿ ಒಂದು ಕಟ್ಟಳೆ ಬೆಳೆದಿದೆ: ಮೊದಲು ಮಾಲೀಕನಿಗೆ ಹೇಳು, ಸರಿಪಡಿಸಲು ಸಮಯ ಕೊಡು, ಆಮೇಲೆ ಊರಿಗೆ ಹೇಳು. ಬಾರ್ನಬಿ ಜ್ಯಾಕ್ ಎಂಬಾತ ಎಟಿಎಂಗಳ ದೋಷದ ಬಗ್ಗೆ 2009ರಲ್ಲೇ ಲಾಸ್ ವೇಗಸ್‌ನಲ್ಲಿ ಮಾತಾಡಬೇಕಿತ್ತು. ಯಂತ್ರ ತಯಾರಕರು ಕೇಳಿಕೊಂಡದ್ದರಿಂದ ಮಾತು ಮುಂದಕ್ಕೆ ಹೋಯಿತು. 2010ರಲ್ಲಿ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದ ವೇದಿಕೆಗೆ ಎರಡು ಎಟಿಎಂ ತಂದಿಟ್ಟು, ಅವು ಕೇಳದೆಯೇ ನೋಟು ಉಗುಳುವಂತೆ ಮಾಡಿ ತೋರಿಸಿದ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಓಡುವ ಜೀಪನ್ನು ಮನೆಯಲ್ಲಿ ಕೂತೇ ಹತೋಟಿಗೆ ತೆಗೆದುಕೊಂಡರು; ಕಂಪನಿ 14 ಲಕ್ಷ ವಾಹನಗಳನ್ನು ದುರಸ್ತಿಗೆ ವಾಪಸ್ ಕರೆಯಿತು. ಜರ್ಮನಿಯ ಸಂಘದ್ದು ಇನ್ನೂ ಹಳೆಯ ಕತೆ. 1984ರಲ್ಲಿ ಅಂಚೆ ಇಲಾಖೆಯ ಆನ್‌ಲೈನ್ ಸೇವೆ ಭದ್ರವಾಗಿದೆಯೆಂಬ ಮಾತನ್ನು ಪರೀಕ್ಷಿಸಲು, ಹಣ ಕೊಟ್ಟು ನೋಡಬೇಕಾದ ತಮ್ಮದೇ ಪುಟವನ್ನು ಒಂದು ಬ್ಯಾಂಕಿನ ಖಾತೆಯಿಂದ ರಾತ್ರಿಯಿಡೀ ತೆರೆಸಿದರು. ಪುಟಕ್ಕೆ 9.97 ಮಾರ್ಕ್. ಬೆಳಗಾಗುವಷ್ಟರಲ್ಲಿ ಸುಮಾರು 1,35,000 ಮಾರ್ಕ್ ಆಗಿತ್ತು. ಪತ್ರಕರ್ತರನ್ನು ಕರೆದು ವಿಷಯ ಹೇಳಿ, ಹಣವನ್ನು ಬ್ಯಾಂಕಿಗೆ ಬಿಟ್ಟುಕೊಟ್ಟರು.

ದೋಷವನ್ನು ಹುಡುಕದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಬೇರೆ ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಉಳಿದ 32 ಗೇಟು ನಿಂತಿದ್ದರೂ ತುಂಬಿದ ನೀರು ನಿಲ್ಲಲಿಲ್ಲ. ಕಂಪ್ಯೂಟರ್ ವ್ಯವಸ್ಥೆಯೂ ಹಾಗೆಯೇ: ಎಷ್ಟು ಕಡೆ ಭದ್ರವಾಗಿದೆ ಎಂಬ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಸವೆದ ಒಂದು ಕೊಂಡಿ ಎಲ್ಲಿದೆ ಎಂದು ಹುಡುಕುವವರು ಬೇಕು.

ಭಾರತದಲ್ಲಿ ಹ್ಯಾಕರ್ ಸಮ್ಮೇಳನಗಳ ಪರಿಪಾಠಕ್ಕೆ ಸುಮಾರು ಎರಡು ದಶಕದ ವಯಸ್ಸು. ಪುಣೆಯಲ್ಲಿ 2007ರಲ್ಲಿ ಕ್ಲಬ್‌ಹ್ಯಾಕ್ ನಡೆಯಿತು. ಗೋವಾದಲ್ಲಿ 2010ರಿಂದ ನಲ್‌ಕಾನ್ ನಡೆಯುತ್ತಿದೆ. ಹೆಣ್ಣುಮಕ್ಕಳಿಗಾಗಿಯೇ ವಿನ್‌ಜಾ ಎಂಬ ಸಿಟಿಎಫ್ ಅಲ್ಲಿ ಬೆಳೆದಿದೆ. ಕೇರಳದ ಕೊಕೊನ್ ಸಮ್ಮೇಳನಕ್ಕೆ ಅಲ್ಲಿನ ಪೊಲೀಸ್ ಇಲಾಖೆಯೇ ಜೊತೆಗಾರ. ಬೆಂಗಳೂರಿನಲ್ಲಿ ಬಿಸೈಡ್ಸ್ ನಡೆಯುತ್ತದೆ. ದೊಡ್ಡ ಸಮ್ಮೇಳನಗಳ ಟಿಕೆಟ್ ಸಾವಿರಾರು ರೂಪಾಯಿ. ಆದರೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುವುದುಂಟು, ಸ್ವಯಂಸೇವಕರಾದರೆ ಒಳಗೆ ಹೋಗುವ ದಾರಿಯೂ ಉಂಟು.

ಮೊದಲ ಸಲ ಹೋಗುವವರಿಗೆ ಇವೆಲ್ಲಕ್ಕಿಂತ ಒಳ್ಳೆಯದು ನಲ್ ಎಂಬ ಸೈಬರ್ ಭದ್ರತಾ ಆಸಕ್ತರ ಸಮುದಾಯದ ಬೆಂಗಳೂರು ಸಭೆ. ಪ್ರವೇಶ ಉಚಿತ, ಹೆಸರು ನೋಂದಾಯಿಸಿದರೆ ಸಾಕು. ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ ಯಾವುದಾದರೂ ಕಂಪನಿಯ ಸಭಾಂಗಣದಲ್ಲಿ ಸೇರುತ್ತಾರೆ. ಮೊದಲು ಎಲ್ಲರೂ ಎದ್ದು ಪರಿಚಯ ಹೇಳಿಕೊಳ್ಳುತ್ತಾರೆ, ಆಮೇಲೆ ಆ ತಿಂಗಳು ಎಲ್ಲೆಲ್ಲಿ ಏನೇನು ಸೋರಿತು ಎಂಬ ಸುದ್ದಿ, ನಂತರ ಉಪನ್ಯಾಸಗಳು. ಹತ್ತು ವರ್ಷ ಅನುಭವದ ಪರಿಣತನ ಪಕ್ಕದಲ್ಲೇ ಮೊದಲ ವರ್ಷದ ಬಿಸಿಎ ವಿದ್ಯಾರ್ಥಿ ಕೂರಬಹುದು. ಸಿಂಧನೂರಿನಲ್ಲಿ ಶುಕ್ರವಾರ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್, ಶನಿವಾರ ರಾತ್ರಿ ಹೊರಟರೆ ಭಾನುವಾರ ಊರು.

ಹೋಗುವವರಿಗೆ ಕೆಲವು ಮಾತು. ಫೋನಿನ ಅಪ್‌ಡೇಟ್ ಮುಗಿಸಿಕೊಂಡು ಹೋಗಿ. ಅಲ್ಲಿ ಬ್ಲೂಟೂತ್ ಆಫ್ ಇರಲಿ, ವೈಫೈ ಬೇಡ, ನಿಮ್ಮದೇ ಡೇಟಾ ಬಳಸಿ. ನೆಲದಲ್ಲಿ ಸಿಕ್ಕ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಬೇಡಿ. ಕೇಳದೆ ಯಾರ ಮುಖದ ಫೋಟೊವನ್ನೂ ತೆಗೆಯಬೇಡಿ. ಈ ಮಂದಿ ಅದನ್ನು ಸಹಿಸುವುದಿಲ್ಲ. ಉಪನ್ಯಾಸ ಅರ್ಧ ಅರ್ಥವಾಗದಿದ್ದರೆ ಗಾಬರಿ ಬೇಡ. ಇಂಗ್ಲಿಷಿನ ಹಿಂಜರಿಕೆಯಂತೂ ಬೇಡವೇ ಬೇಡ: ಚಹಾದ ಹೊತ್ತಿನಲ್ಲಿ ಹೋಗಿ ಮಾತಾಡಿಸಿದರೆ ಕನ್ನಡದಲ್ಲೇ ಬಿಡಿಸಿ ಹೇಳುವವರು ಸಿಗುತ್ತಾರೆ. ಇಂಥ ಸಭೆಗಳ ನಿಜವಾದ ಲಾಭ ಅಲ್ಲೇ ಇದೆ. ಮನೆಯಲ್ಲೇ ಅಭ್ಯಾಸ ಮಾಡಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೊಸಿಟಿಎಫ್ ಉಚಿತವಾಗಿದೆ. ಹೈಸ್ಕೂಲ್ ಮಕ್ಕಳಿಗೂ ಆಗುತ್ತದೆ.

ಕಾನೂನಿನ ಗೆರೆ ಎಲ್ಲಿದೆ ಎಂದೂ ತಿಳಿದಿರಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಮಾಲೀಕನ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕೈಹಾಕುವುದೇ ತಪ್ಪು, ಪರಿಹಾರ ಕಟ್ಟಬೇಕಾಗುತ್ತದೆ. ಮೋಸದ ಉದ್ದೇಶವಿದ್ದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸರ್ಕಾರ ಸಂರಕ್ಷಿತ ಎಂದು ಘೋಷಿಸಿದ ವ್ಯವಸ್ಥೆಯಾದರೆ ಹತ್ತು ವರ್ಷದವರೆಗೆ. ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತು ಎಲ್ಲ ಕಡೆ ನಡೆಯುವುದಿಲ್ಲ. ಹೈದರಾಬಾದಿನ ಹರಿ ಕೆ. ಪ್ರಸಾದ್ 2010ರಲ್ಲಿ ವಿದೇಶಿ ಸಂಶೋಧಕರ ಜೊತೆ ಸೇರಿ ಒಂದು ಮತಯಂತ್ರದ ದೋಷ ತೋರಿಸಿದರು. ಯಂತ್ರ ಕೊಟ್ಟವರ ಹೆಸರು ಹೇಳದ ಅವರನ್ನು ಪೊಲೀಸರು ಬಂಧಿಸಿದರು. ಅದೇ ವರ್ಷ, ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕದ ಇಎಫ್‌ಎಫ್ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. 2017ರಲ್ಲಿ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳುತ್ತಿದ್ದ ವಾನ್ನಾಕ್ರೈ ದಾಳಿಯನ್ನು ತಡೆದು ಹೀರೊ ಆದ ಮಾರ್ಕಸ್ ಹಚಿನ್ಸ್, ಡೆಫ್‌ಕಾನ್ ಮುಗಿಸಿ ಊರಿಗೆ ಹೊರಟವನು ಹಿಂದೆ ಬ್ಯಾಂಕ್ ದೋಚುವ ಮಾಲ್‌ವೇರ್ ಬರೆದದ್ದಕ್ಕೆ ಲಾಸ್ ವೇಗಸ್‌ನಲ್ಲೇ ಸೆರೆಸಿಕ್ಕ, ಮುಂದೆ ತಪ್ಪೊಪ್ಪಿಕೊಂಡ. ಹುಡುಗಾಟದ ಹಳೆಯ ಲೆಕ್ಕವನ್ನು ಕೀರ್ತಿ ಚುಕ್ತಾ ಮಾಡುವುದಿಲ್ಲ. ಆದ್ದರಿಂದ ಅನುಮತಿ ಕೊಟ್ಟಲ್ಲಿ ಮಾತ್ರ ಕೈಯಾಡಿಸಿ. ಸರ್ಕಾರಿ ಸೈಟಿನಲ್ಲಿ ದೋಷ ಕಣ್ಣಿಗೆ ಬಿದ್ದರೆ ಮತ್ತೆ ಕೆದಕಲು ಹೋಗದೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಿ. ದೋಷ ವರದಿ ತೆಗೆದುಕೊಳ್ಳುವ ಏರ್ಪಾಡು ಅಲ್ಲಿದೆ.

ನಮ್ಮ ರಾಜ್ಯವೂ ಈ ವಿಷಯದಲ್ಲಿ ಪೆಟ್ಟು ತಿಂದೇ ಕಲಿತಿದೆ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದಲೇ 11 ಕೋಟಿ ರೂಪಾಯಿಗೂ ಹೆಚ್ಚು ಹಣ ಹೋಯಿತು. ಬೆಂಗಳೂರಿನಲ್ಲಿ ಸೈಬರ್ ಭದ್ರತೆಗೆಂದೇ ಸೈಸೆಕ್ ಎಂಬ ಕೇಂದ್ರವಿದೆ, 2024ರಲ್ಲಿ ಸೈಬರ್ ಭದ್ರತಾ ನೀತಿಯೂ ಬಂದಿದೆ. ಅವು ಕಲ್ಯಾಣ ಕರ್ನಾಟಕದ ತಾಲ್ಲೂಕುಗಳವರೆಗೆ ಬರಬೇಕು. ರಾಯಚೂರಿನಲ್ಲಿ ಐಐಐಟಿ ಇದೆ. ಅಲ್ಲಿನ ವಿದ್ಯಾರ್ಥಿಗಳು, ಸಿಂಧನೂರು, ಲಿಂಗಸುಗೂರಿನ ಪದವಿ ಕಾಲೇಜುಗಳು, ಜಿಲ್ಲಾ ಪೊಲೀಸರು ಸೇರಿ ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಒಂದು ಸಭೆ ನಡೆಸುವುದು ಕಷ್ಟದ ಕೆಲಸವಲ್ಲ. ಒಂದು ಸಭಾಂಗಣ, ಒಂದು ಪ್ರೊಜೆಕ್ಟರ್, ಮಾತಾಡಲು ಇಬ್ಬರು ಸಾಕು. ಪ್ರಾಚಾರ್ಯರಲ್ಲಿ ನನ್ನ ವಿನಂತಿ ಇಷ್ಟೇ: ಪ್ರವಾಸಕ್ಕೆ ಬಸ್ ಮಾಡುವ ಕಾಲೇಜು ವರ್ಷಕ್ಕೆ ನಾಲ್ವರು ವಿದ್ಯಾರ್ಥಿಗಳನ್ನಾದರೂ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು, ಇಂಥ ಸಭೆಗೆ ಕಳಿಸಲಿ. ಅವರು ಬಂದು ಉಳಿದವರಿಗೆ ಹೇಳಲಿ.

ಸಭೆಗೆ ಹೋಗಲಾಗದವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಎಂ-ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ಬೇಕಾದಾಗ ಅನ್‌ಲಾಕ್ ಮಾಡಿಕೊಂಡರಾಯಿತು. ಮನೆಯ ಹಿರಿಯರಿಗೂ ಮಾಡಿಕೊಡಿ. ಖಾತೆಯಿಂದ ಹಣ ಹೋದ ಮೆಸೇಜ್ ಬಂದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.